ಕಾಗದದಲ್ಲಿ ಉಳಿದ ಕೋಟೆಗಳು: ಪೆದ್ರೊ ಬರೆಟೊ ದೆ ರೆಸೆಂಡೆಯ ಚಿತ್ರಗಳಲ್ಲಿ ಕನ್ನಡ ಕರಾವಳಿ

ಹೊನ್ನಾವರ, ಬಸರೂರು, ಗಂಗೊಳ್ಳಿ ಮತ್ತು ಮಂಗಳೂರು ಎಂಬ ನಾಲ್ಕು ಬಂದರುಗಳಲ್ಲಿ ಪೋರ್ಚುಗೀಸರು ಹದಿನಾರು ಹಾಗೂ ಹದಿನೇಳನೆಯ ಶತಮಾನಗಳಲ್ಲಿ ಹೊಂದಿದ್ದ ಕೋಟೆಗಳು ಇಂದು ನೆಲದ ಮೇಲೆ ಬಹುಪಾಲು ಅಳಿದುಹೋಗಿವೆ. ಅವುಗಳ ಗೋಡೆ, ಬುರುಜು, ಬಾಗಿಲುಗಳನ್ನೂ ಒಳಗಿನ ಮನೆ, ಇಗರ್ಜಿಗಳನ್ನೂ ಒಟ್ಟಾಗಿ ಕಣ್ಣಮುಂದೆ ತರುವ ಪ್ರಮುಖ ಆಧಾರವೆಂದರೆ 1635ರಲ್ಲಿ ಗೋವಾದಲ್ಲಿ ಸಿದ್ಧವಾದ ಒಂದು ಹಸ್ತಪ್ರತಿಯ ಬಣ್ಣದ ಚಿತ್ರಗಳು. ಚಿತ್ರಗಳನ್ನು ಬರೆದವನು ವೃತ್ತಿಯಿಂದ ಕಲಾವಿದನಲ್ಲ, ಸರ್ಕಾರಿ ಕಾರ್ಯದರ್ಶಿ. ಬರೆದದ್ದು ಕಣ್ಣಿಗೆ ಸೊಗಸೆನಿಸಲೆಂದಲ್ಲ, ದೂರದ ಅರಸನಿಗೆ ಲೆಕ್ಕ ಒಪ್ಪಿಸಲೆಂದು. ಆದ್ದರಿಂದ ಈ ಚಿತ್ರಗಳನ್ನು ಕೋಟೆಗಳ ಭಾವಚಿತ್ರಗಳೆಂದು ನೋಡಿ ಮೆಚ್ಚುವುದಕ್ಕಿಂತ, ಅವು ಯಾವುದನ್ನು ಎಣಿಸಿದವು, ಯಾವುದನ್ನು ಎಣಿಸದೆ ಬಿಟ್ಟವು ಎಂದು ಕೇಳುವುದು ಕನ್ನಡ ನಾಡಿನ ಇತಿಹಾಸಕ್ಕೆ ಹೆಚ್ಚು ಫಲಕಾರಿ. ಗೋಡೆಯ ಒಳಗಿನದನ್ನು ವಿವರವಾಗಿ ತೋರಿಸುವ ಈ ಹಾಳೆಗಳು, ಗೋಡೆಯ ಹೊರಗಿದ್ದು ಆ ಕೋಟೆಗಳಿಗೆ ಅಕ್ಕಿ, ಮೆಣಸು, ಕಲ್ಲು, ಕೂಲಿ ಎಲ್ಲವನ್ನೂ ಒದಗಿಸಿದ ನಾಡನ್ನು ಕೆಲವು ಗೆರೆಗಳಲ್ಲಿ ಮುಗಿಸುತ್ತವೆ.

ಹಸ್ತಪ್ರತಿಯ ಹೆಸರನ್ನು ಕನ್ನಡಕ್ಕೆ ತಂದರೆ ‘ಪೂರ್ವದ ಇಂಡಿಯಾ ರಾಜ್ಯದ ಎಲ್ಲ ಕೋಟೆ, ನಗರ ಮತ್ತು ಊರುಗಳ ನಕ್ಷೆಗಳ ಪುಸ್ತಕ’ ಎಂದಾಗುತ್ತದೆ. ಇಂಡಿಯಾ ರಾಜ್ಯವೆಂದರೆ ಇಲ್ಲಿ ಇಂದಿನ ಅರ್ಥದ ಭಾರತವಲ್ಲ. ಆಫ್ರಿಕದ ಪೂರ್ವ ತೀರದಿಂದ ಚೀನಾದ ಮಕಾವ್‌ವರೆಗೆ ಸಮುದ್ರದಂಚಿನಲ್ಲಿ ಚದುರಿಕೊಂಡು, ಗೋವಾದಲ್ಲಿ ಕುಳಿತ ವೈಸರಾಯನ ಆಳ್ವಿಕೆಗೆ ಒಳಪಟ್ಟಿದ್ದ ಪೋರ್ಚುಗೀಸ್ ನೆಲೆಗಳೆಲ್ಲವನ್ನೂ ಸೇರಿಸಿ ಅವರು ಆ ಹೆಸರಿನಿಂದ ಕರೆಯುತ್ತಿದ್ದರು. ಪುಸ್ತಕದ ಬರಹ ಅಂತೋನಿಯೊ ಬೊಕಾರೊ ಎಂಬವನದು. ಆತ ಗೋವಾದ ದಫ್ತರಖಾನೆಯ ಪಾಲಕನೂ ಪೋರ್ಚುಗೀಸ್ ಇಂಡಿಯಾದ ಅಧಿಕೃತ ಚರಿತ್ರೆಕಾರನೂ ಆಗಿದ್ದನು. ಚಿತ್ರಗಳು ಪೆದ್ರೊ ಬರೆಟೊ ದೆ ರೆಸೆಂಡೆಯವು. ಆತ 1629ರಿಂದ 1635ರವರೆಗೆ ವೈಸರಾಯ್ ಆಗಿದ್ದ ಲಿನ್ಯಾರೆಸ್‌ನ ಕೌಂಟ್ ಮಿಗೆಲ್ ದೆ ನೊರೊನ್ಯನ ಕಾರ್ಯದರ್ಶಿಯಾಗಿದ್ದನು. 1580ರಿಂದ 1640ರವರೆಗೆ ಸ್ಪೇನ್ ಮತ್ತು ಪೋರ್ಚುಗಲ್ ಒಬ್ಬನೇ ಅರಸನ ಅಧೀನದಲ್ಲಿದ್ದುದರಿಂದ, ಪುಸ್ತಕ ಸಲ್ಲಬೇಕಾಗಿದ್ದುದು ಮ್ಯಾಡ್ರಿಡ್‌ನಲ್ಲಿದ್ದ ದೊರೆಗೆ. ಅದರ ಪ್ರಸಿದ್ಧ ಪ್ರತಿಯೊಂದು ಪೋರ್ಚುಗಲ್‌ನ ಎವೊರಾ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿದೆ.

ಅರಸನಿಗೆ ಇಂಥ ಪುಸ್ತಕ ಬೇಕಾದದ್ದಕ್ಕೆ ಆ ಕಾಲದ ಭೀತಿಯೇ ಕಾರಣ. 1602ರಲ್ಲಿ ಹುಟ್ಟಿದ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಸಮುದ್ರದಲ್ಲಿ ಪೋರ್ಚುಗೀಸರನ್ನು ಎಲ್ಲೆಡೆ ಅಟ್ಟುತ್ತಿತ್ತು. 1622ರಲ್ಲಿ ಇಂಗ್ಲಿಷರ ನೆರವು ಪಡೆದ ಪರ್ಷಿಯನ್ನರು ಹೊರ್ಮುಜ್‌ ಅನ್ನು ಕಸಿದುಕೊಂಡಿದ್ದರು. 1632ರಲ್ಲಿ ಬಂಗಾಳದ ಹೂಗ್ಲಿ ಮೊಗಲರ ಪಾಲಾಗಿತ್ತು. ಇನ್ನೂ ಕೈಯಲ್ಲಿ ಉಳಿದಿರುವುದೇನು, ಅದರ ಗೋಡೆಗಳು ಎಷ್ಟು ಗಟ್ಟಿ, ಅದನ್ನು ಕಾಯಲು ಎಷ್ಟು ಜನ ಮತ್ತು ಎಷ್ಟು ತೋಪು ಇವೆ, ಅದರಿಂದ ಬರುವ ಆದಾಯವೆಷ್ಟು, ಹೋಗುವ ವೆಚ್ಚವೆಷ್ಟು ಎಂಬುದು ಅರಮನೆಗೆ ತಿಳಿಯಬೇಕಾಗಿತ್ತು. ರೆಸೆಂಡೆಯ ಸುಮಾರು ಐವತ್ತು ಚಿತ್ರಗಳು ಕುಂದುತ್ತಿದ್ದ ಸಾಮ್ರಾಜ್ಯವೊಂದು ತನ್ನ ಆಸ್ತಿಯನ್ನು ಎಣಿಸಿಕೊಂಡ ಪಟ್ಟಿಯ ಭಾಗ ಎಂಬುದನ್ನು ನೆನಪಿನಲ್ಲಿಟ್ಟರೆ, ಅವುಗಳಲ್ಲಿ ಕಾಣುವ ಭದ್ರತೆಯ ಭಾವವನ್ನು ಅಷ್ಟು ಸುಲಭವಾಗಿ ನಂಬುವಂತಿಲ್ಲ.

ಪೂರ್ವದ ಕೋಟೆಗಳನ್ನು ಚಿತ್ರಿಸುವ ಪರಂಪರೆ ರೆಸೆಂಡೆಗಿಂತ ಹಳೆಯದು. ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್‌ನ ಬಳಿ ಬರಹಗಾರನಾಗಿದ್ದ ಗಾಸ್ಪರ್ ಕೊರೆಯ ತನ್ನ ಚರಿತ್ರೆಗೆ ನಗರ ಮತ್ತು ಕೋಟೆಗಳ ರೇಖಾಚಿತ್ರಗಳನ್ನು ಸೇರಿಸಿದ್ದನು. ಮುಂದೆ ವೈಸರಾಯ್ ಆದ ಜುವಾಂವ್ ದೆ ಕಾಸ್ತ್ರೊ 1538–39ರಲ್ಲಿ ಗೋವಾದಿಂದ ದೀವ್‌ವರೆಗಿನ ನೌಕಾಮಾರ್ಗವನ್ನು ಚಿತ್ರಸಹಿತ ದಾಖಲಿಸಿದನು. 1610ರಲ್ಲಿ ಕೋಟೆಗಳ ನಕ್ಷೆಗಳ ಸಂಪುಟವೊಂದನ್ನು ಸಿದ್ಧಪಡಿಸಿದ ಮನುಯೆಲ್ ಗೊದಿನ್ಯೊ ದೆ ಎರೆದಿಯ ಮಲಕ್ಕಾದಲ್ಲಿ ಪೋರ್ಚುಗೀಸ್ ತಂದೆಗೂ ಆಗ್ನೇಯ ಏಷ್ಯಾದ ತಾಯಿಗೂ ಹುಟ್ಟಿದವನು. ಐದು ವರ್ಷ ಗೋವಾದಲ್ಲಿದ್ದ ಡಚ್ ಪ್ರವಾಸಿ ಲಿನ್ಸ್‌ಕೋಟನ್ 1596ರಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಚಿತ್ರಗಳು ಗೋವಾದ ಬೀದಿಯನ್ನೂ ಪೇಟೆಯ ಗದ್ದಲವನ್ನೂ ಯುರೋಪಿನ ಮನೆಮನೆಗೆ ಮುಟ್ಟಿಸಿದವು. ಈ ಸಾಲಿನಲ್ಲಿ ರೆಸೆಂಡೆಯ ವಿಶೇಷವೆಂದರೆ ಒಂದೇ ಕ್ರಮದಲ್ಲಿ, ಒಂದೇ ಕೈಬರಹದ ಪುಸ್ತಕದಲ್ಲಿ, ಚಿತ್ರ ಮತ್ತು ವಿವರಣೆಗಳನ್ನು ಜೋಡಿಸಿ ಇಡೀ ತೀರವನ್ನು ಹಿಡಿದಿಟ್ಟದ್ದು. ಗೋವಾದಿಂದ ದಕ್ಷಿಣಕ್ಕೆ ಇಳಿಯುವ ಓದುಗನಿಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರು ಒಂದಾದ ಮೇಲೊಂದು ಎದುರಾಗುತ್ತವೆ. ಪೋರ್ಚುಗೀಸರ ಲಿಪಿಯಲ್ಲಿ ಅವುಗಳ ಹೆಸರು ಒನೊರ್, ಬರ್ಸೆಲೊರ್, ಕಾಂಬೊಲಿಂ, ಮಂಗಲೊರ್.

ಚಿತ್ರಗಳ ರೀತಿಯನ್ನು ಅರಿಯದೆ ಅವುಗಳನ್ನು ಓದಲಾಗದು. ಇಂದಿನ ನಕ್ಷೆ ಮೇಲಿನಿಂದ ನೋಡಿದಂತೆ ನೆಲವನ್ನು ಅಳತೆಗೆ ಸರಿಯಾಗಿ ತೋರಿಸುತ್ತದೆ. ರೆಸೆಂಡೆ ಮೇಲಿನ ನೋಟವನ್ನೂ ಪಕ್ಕದ ನೋಟವನ್ನೂ ಒಂದೇ ಹಾಳೆಯಲ್ಲಿ ಬೆರೆಸುತ್ತಾನೆ. ಗೋಡೆಯ ಸುತ್ತಳತೆ ಆಕಾಶದಿಂದ ಕಂಡಂತೆ ಹರಡಿಕೊಂಡರೆ, ಅದರೊಳಗಿನ ಮನೆಗಳೂ ಇಗರ್ಜಿಗಳೂ ಎದುರಿಗೆ ನಿಂತವನಿಗೆ ಕಾಣುವಂತೆ ಎದ್ದು ನಿಲ್ಲುತ್ತವೆ. ಸೂರುಗಳಿಗೆ ಕೆಂಪು, ನೀರಿಗೆ ನೀಲಿ, ಹೊರಗಿನ ಬಯಲಿಗೆ ಹಸಿರು, ಅಲ್ಲಲ್ಲಿ ಮರ, ಗುಡ್ಡಗಳ ಗುರುತು: ಇಷ್ಟರಲ್ಲಿ ಊರೊಂದು ಮುಗಿಯುತ್ತದೆ. ಅಳತೆಯ ನಿಖರತೆಯನ್ನು ಅವುಗಳಲ್ಲಿ ನಿರೀಕ್ಷಿಸುವಂತಿಲ್ಲ. ಅಧಿಕಾರಕ್ಕೆ ಮುಖ್ಯವೆನಿಸಿದ ಬುರುಜು, ಬಾಗಿಲು, ಇಗರ್ಜಿಗಳು ತಮ್ಮ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣಿಸಿಕೊಳ್ಳುತ್ತವೆ, ಮುಖ್ಯವಲ್ಲದ ನೆಲ ಕುಗ್ಗಿಹೋಗುತ್ತದೆ. ಚಿತ್ರದಲ್ಲಿಲ್ಲದ ಅಳತೆಯನ್ನು ಬೊಕಾರೊನ ಬರಹ ತುಂಬಿಕೊಡುತ್ತದೆ: ಗೋಡೆಯ ಎತ್ತರ, ದಪ್ಪ, ಬುರುಜುಗಳ ಸಂಖ್ಯೆ, ತೋಪುಗಳು, ಕಾವಲಿನವರು, ಅಳಿವೆಯ ಆಳ, ನೆರೆಯ ಅರಸನ ಬಲ ಎಂಬ ಕ್ರಮದಲ್ಲಿ ಆತ ಪ್ರತಿಯೊಂದು ನೆಲೆಯನ್ನೂ ವಿವರಿಸುತ್ತಾನೆ. ಅಳಿವೆಯೆಂದರೆ ನದಿ ಸಮುದ್ರವನ್ನು ಸೇರುವ ಬಾಯಿ. ಕರಾವಳಿಯ ಬಂದರುಗಳೆಲ್ಲವೂ ಅಳಿವೆಯ ಮರಳಿನ ಕೃಪೆಯಲ್ಲೇ ಬದುಕಿದ್ದರಿಂದ ಆ ಆಳಕ್ಕೆ ಅಷ್ಟು ಮಹತ್ವ.

ಈ ಕೋಟೆಗಳು ಎದ್ದ ಸಂದರ್ಭ ವಿಜಯನಗರದ ಇತಿಹಾಸದೊಂದಿಗೆ ಹೆಣೆದುಕೊಂಡಿದೆ. 1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇದ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿ, ಅದೇ ವರ್ಷ ಹೊನ್ನಾವರದ ಮೇಲೆ ದಾಳಿ ಮಾಡಿದನು. 1510ರಲ್ಲಿ ಆಲ್ಬುಕರ್ಕ್ ಗೋವಾವನ್ನು ಗೆಲ್ಲಲು ಹೊನ್ನಾವರದ ನೌಕಾನಾಯಕ ತಿಮ್ಮೋಜ ನೆರವಾದನು. ಆದರೂ ಅರುವತ್ತು ವರ್ಷಗಳ ಕಾಲ ಈ ತೀರದ ಮುಖ್ಯ ಬಂದರುಗಳಲ್ಲಿ ಪೋರ್ಚುಗೀಸರಿಗೆ ಕೋಟೆ ಕಟ್ಟಲು ಅವಕಾಶವಾಗಲಿಲ್ಲ. 1565ರ ಯುದ್ಧದಲ್ಲಿ ವಿಜಯನಗರ ಕುಸಿದ ಕೂಡಲೇ ಸ್ಥಿತಿ ಬದಲಾಯಿತು. 1568ರ ಆರಂಭದಲ್ಲಿ ವೈಸರಾಯ್ ಅಂತಾಂವ್ ದೆ ನೊರೊನ್ಯ ಉಳ್ಳಾಲದ ರಾಣಿಯ ವಿರುದ್ಧ ಕಾದಾಡಿ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನು ಕಟ್ಟಿಸಿದನು. ಮರುವರ್ಷ ಲುಯಿಸ್ ದೆ ಅತಾಯಿದೆ ಹೊನ್ನಾವರ ಮತ್ತು ಬಸರೂರುಗಳನ್ನು ಹಿಡಿದನು. ಗಂಗೊಳ್ಳಿಯ ಕೋಟೆ ಬಹಳ ತಡವಾಗಿ, ಲಿನ್ಯಾರೆಸ್ ಕೌಂಟನ ಕಾಲದಲ್ಲಿ, 1630ರ ಸುಮಾರಿಗೆ ಬಂತು. ಅಂದರೆ ರೆಸೆಂಡೆ ಚಿತ್ರ ಬರೆಯುವಾಗ ಅದರ ಸುಣ್ಣ ಇನ್ನೂ ಹೊಸದಾಗಿತ್ತು. ತನ್ನ ಒಡೆಯನ ಸಾಧನೆಯೆಂದು ಕಾರ್ಯದರ್ಶಿ ತೋರಿಸಿಕೊಳ್ಳಬಹುದಾಗಿದ್ದ ಕೋಟೆ ಅದು.

ಕಟ್ಟಡಗಳ ಮಾತಿಗೆ ಬಂದರೆ, ಯೋಜನೆ ಯುರೋಪಿನದಾದರೂ ಒಡಲು ಈ ನೆಲದ್ದೇ. ಫಿರಂಗಿಯ ಕಾಲಕ್ಕೆ ತಕ್ಕಂತೆ ಗೋಡೆಯ ಮೂಲೆಗಳಿಂದ ಹೊರಚಾಚುವ ಬುರುಜುಗಳನ್ನು ಪೋರ್ಚುಗೀಸರು ಬಲುವಾರ್ತೆ ಎಂದು ಕರೆದರು. ಗೋಡೆಯ ಬುಡಕ್ಕೆ ನುಗ್ಗುವ ಶತ್ರುವನ್ನು ಪಕ್ಕದಿಂದ ಹೊಡೆಯುವುದು ಅವುಗಳ ಕೆಲಸ. ಆದರೆ ಅವುಗಳನ್ನು ಕಟ್ಟಲು ಕರಾವಳಿಯಲ್ಲಿ ಸಿಕ್ಕುವ ಕಲ್ಲು ಜಂಬಿಟ್ಟಿಗೆ, ದಕ್ಷಿಣ ಕನ್ನಡದವರ ಮಾತಿನಲ್ಲಿ ಮುರಕಲ್ಲು. ನೆಲದೊಳಗಿರುವಾಗ ಕತ್ತಿಯಲ್ಲೂ ಕಡಿಯಬಹುದಾದಷ್ಟು ಮೆತುವಾಗಿದ್ದು, ಹೊರತೆಗೆದು ಗಾಳಿಗೊಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದು ಅದರ ಗುಣ. ಈ ಗುಣವನ್ನು ಗಮನಿಸಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ವಿಜ್ಞಾನಕ್ಕೆ ಕೊಟ್ಟವನು ಇಂಗ್ಲಿಷ್ ಕಂಪನಿಯ ಪರವಾಗಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್. 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಅದನ್ನು ಕಂಡು ವಿವರಿಸಿದ ಅದೇ ಬುಕಾನನ್ ಅದೇ ಪಯಣದಲ್ಲಿ ಘಟ್ಟದ ಮೇಲಿನ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನೂ ಮಂಗಳೂರು, ಹೊನ್ನಾವರಗಳನ್ನೂ ನೋಡಿದ್ದನು. ಕಲ್ಲನ್ನು ಕಡಿದವರು, ಹೊತ್ತವರು, ಚಿಪ್ಪು ಸುಟ್ಟು ಸುಣ್ಣ ಮಾಡಿದವರು, ಮಳೆಗಾಲಕ್ಕೆ ಮುಂಚೆ ಸೂರು ಹೊದಿಸಿದವರು ಈ ತೀರದ ಜನರೇ. ಇಗರ್ಜಿ ಎಂಬ ಪದವೂ ಚಾವಿ, ಪಾದ್ರಿ, ಪಗಾರದಂಥ ಪದಗಳೂ ಪೋರ್ಚುಗೀಸಿನಿಂದ ಈ ಭಾಗದ ನುಡಿಗಳಿಗೆ ಇಳಿದದ್ದು ಇಂಥ ಒಡನಾಟದಲ್ಲಿಯೇ.

ಗೋಡೆಯೊಳಗಿನ ಜನರನ್ನು ಬೊಕಾರೊ ಎಣಿಸುವ ಕ್ರಮ ವಿಶೇಷವಾಗಿ ಗಮನಾರ್ಹ. ಆತನ ಲೆಕ್ಕದ ಘಟಕ ಕಸಾದೊ, ಅಂದರೆ ಮದುವೆಯಾಗಿ ಮನೆ ಮಾಡಿ ನೆಲೆನಿಂತ ಗೃಹಸ್ಥ. ಸೈನಿಕ ಇಂದು ಬಂದು ನಾಳೆ ಹೋಗುವವನು. ಕಸಾದೊ ತೆರಿಗೆ, ವ್ಯಾಪಾರ, ರಕ್ಷಣೆ ಮೂರಕ್ಕೂ ಆಧಾರವಾದವನು. ಈ ಗೃಹಸ್ಥರನ್ನು ಆತ ‘ಬಿಳಿಯರು’ ಮತ್ತು ‘ಕರಿಯರು’ ಎಂದು ಎರಡಾಗಿ ವಿಂಗಡಿಸುತ್ತಾನೆ. ಮೊದಲನೆಯವರು ಪೋರ್ಚುಗೀಸರು ಹಾಗೂ ಅವರ ಸಂತತಿಯವರು. ಎರಡನೆಯವರು ಕ್ರೈಸ್ತರಾದ ಸ್ಥಳೀಯರು. ಕೋಟೆಯ ರಕ್ಷಣೆಗೆ ಇಬ್ಬರೂ ಬೇಕು, ಆದರೆ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಪಂಕ್ತಿಯಿಲ್ಲ. ಕ್ರೈಸ್ತರಲ್ಲದ ವರ್ತಕ, ದೋಣಿಗಾರ, ಬೆಸ್ತ, ಒಕ್ಕಲಿಗರಿಗೆ ಈ ಎಣಿಕೆಯಲ್ಲಿ ಸ್ಥಾನವೇ ಇಲ್ಲ. ಅವರು ನೆರೆಯ ಅರಸನ ಪ್ರಜೆಗಳು, ಇಲ್ಲವೇ ಕೋಟೆಗೆ ಸರಕು ತರುವವರು. ಚಿತ್ರದಲ್ಲಿ ಗೋಡೆ ಹೇಗೆ ಒಳಗನ್ನೂ ಹೊರಗನ್ನೂ ಬೇರ್ಪಡಿಸುತ್ತದೆಯೋ ಹಾಗೆಯೇ ಬರಹದಲ್ಲಿ ಈ ವರ್ಗೀಕರಣ ಬೇರ್ಪಡಿಸುತ್ತದೆ. ಒಂದನ್ನು ಕಲ್ಲಿನಿಂದ ಕಟ್ಟಿದ್ದರೆ ಇನ್ನೊಂದನ್ನು ಶಾಯಿಯಿಂದ ಕಟ್ಟಲಾಗಿದೆ.

ಈ ಬೇರ್ಪಡಿಕೆ ಎಷ್ಟು ಕೃತಕವೆಂಬುದು ಬಸರೂರಿನಲ್ಲಿ ಸ್ಪಷ್ಟವಾಗುತ್ತದೆ. ಕುಂದಾಪುರದ ಹಿನ್ನೀರಿಗೆ ಹೊಂದಿಕೊಂಡು, ಸಮುದ್ರದಿಂದ ಒಳಗೆ ನದಿಯ ದಂಡೆಯ ಮೇಲಿದ್ದ ಬಸರೂರು ಪೋರ್ಚುಗೀಸರು ಬರುವ ಮೊದಲೇ ಪಶ್ಚಿಮ ತೀರದ ದೊಡ್ಡ ಪೇಟೆಗಳಲ್ಲೊಂದಾಗಿತ್ತು. ಹಂಜಮಾನ ಮತ್ತು ನಖರ ಎಂಬ ವರ್ತಕ ಸಂಘಗಳ ಉಲ್ಲೇಖ ಈ ತೀರದ ಶಾಸನಗಳಲ್ಲಿ ಬರುತ್ತದೆ. ಹಂಜಮಾನವೆಂದರೆ ಸಮುದ್ರ ವ್ಯಾಪಾರಿಗಳ ಕೂಟ, ನಖರವೆಂದರೆ ಪೇಟೆಯ ವಣಿಕರ ಸಂಘ. ತಮ್ಮ ಊರಿನ ವ್ಯವಹಾರವನ್ನು ತಾವೇ ನಡೆಸಿಕೊಳ್ಳುತ್ತಿದ್ದ ಇಂಥ ವರ್ತಕರ ಪೇಟೆ ಒಂದು ಕಡೆ, ಪೋರ್ಚುಗೀಸರ ಕೋಟೆ ಇನ್ನೊಂದು ಕಡೆ ಇದ್ದು, ಎರಡನ್ನೂ ಬೆಸೆದದ್ದು ಅಕ್ಕಿ. ಗೋವಾಕ್ಕೆ ತನ್ನ ಹೊಟ್ಟೆಗೆ ಸಾಲುವಷ್ಟು ಬೆಳೆ ಇರಲಿಲ್ಲ. ಬಸರೂರು, ಮಂಗಳೂರುಗಳಿಂದ ಅಕ್ಕಿ ಹೊತ್ತ ದೋಣಿಗಳ ಗುಂಪು ಕಾವಲು ಹಡಗುಗಳ ರಕ್ಷಣೆಯಲ್ಲಿ ಉತ್ತರಕ್ಕೆ ಹೋಗದಿದ್ದರೆ ವೈಸರಾಯನ ರಾಜಧಾನಿ ಹಸಿಯಬೇಕಾಗಿತ್ತು. ಇಂಥ ದೋಣಿಸಾಲನ್ನು ಅವರು ಕಾಫಿಲಾ ಎಂದು ಕರೆದರು. ಚಿತ್ರದಲ್ಲಿ ಕೋಟೆ ನಾಡಿನ ಮೇಲೆ ಯಜಮಾನಿಕೆ ನಡೆಸುವಂತೆ ತಲೆಯೆತ್ತಿದ್ದರೂ ವಾಸ್ತವದಲ್ಲಿ ಅದು ಬಯಲಿನ ಗದ್ದೆಗಳ ಮುಂದೆ ಕೈಯೊಡ್ಡಿ ನಿಂತ ಕಟ್ಟಡವಾಗಿತ್ತು.

ಹೊನ್ನಾವರದಲ್ಲಿ ಅಕ್ಕಿಯ ಸ್ಥಾನವನ್ನು ಮೆಣಸು ಪಡೆದುಕೊಂಡಿತ್ತು. ಶರಾವತಿಯ ಅಳಿವೆಯ ಮೇಲಿನ ಎತ್ತರದ ನೆಲೆಯಿಂದ ಕೋಟೆ ಕಾಯುತ್ತಿದ್ದುದು ನದಿಯ ಮೇಲ್ಭಾಗದ ಗೇರುಸೊಪ್ಪೆಯಿಂದ ಇಳಿದುಬರುತ್ತಿದ್ದ ಕರಿಮೆಣಸನ್ನು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದಿದ್ದರು; ಆಕೆಯ ರಾಜ್ಯ ಕೆಳದಿಯ ನಾಯಕರ ವಶವಾದ ಮೇಲೆ ಮೆಣಸಿನ ಬೆಲೆಯನ್ನು ಚೌಕಾಸಿ ಮಾಡಬೇಕಾದದ್ದು ಅವರ ರಾಜಧಾನಿ ಇಕ್ಕೇರಿಯ ಅರಮನೆಯೊಂದಿಗೆ. 1623ರಲ್ಲಿ ಗೋವಾದಿಂದ ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಹೊರಟ ರಾಯಭಾರದ ಜೊತೆಯಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಹೊನ್ನಾವರಕ್ಕೆ ಬಂದನು. ಗುಡ್ಡದ ಮೇಲಿನ ಕೋಟೆಯನ್ನೂ, ಅದರೊಳಗೆ ಸಂಸಾರಸ್ಥರಾಗಿ ನೆಲೆಸಿದ್ದ ಪೋರ್ಚುಗೀಸರನ್ನೂ ಆತ ತನ್ನ ಪತ್ರಗಳಲ್ಲಿ ಬಣ್ಣಿಸಿದ್ದಾನೆ. ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಕೋಟೆಯನ್ನು ಒಬ್ಬನು ಮಾತಿನಲ್ಲಿಯೂ ಇನ್ನೊಬ್ಬನು ಬಣ್ಣದಲ್ಲಿಯೂ ದಾಖಲಿಸಿದ್ದರಿಂದ, ಎರಡನ್ನೂ ಎದುರುಬದುರು ಇಟ್ಟು ಓದುವ ಅಪರೂಪದ ಅವಕಾಶ ಇಲ್ಲಿದೆ.

ಆ ಹೋಲಿಕೆಯಿಂದ ತಿಳಿಯುವುದು ಬಹಳ. ದೆಲ್ಲ ವಲ್ಲೆ ಕೋಟೆಯಲ್ಲಿ ನಿಲ್ಲದೆ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದನು, ಘಟ್ಟ ಹತ್ತಿ ಇಕ್ಕೇರಿಯನ್ನು ಕಂಡನು. ದಾರಿಯ ಊರೊಂದರ ಗುಡಿಯ ಜಗಲಿಯ ಮೇಲೆ ಹುಡುಗರು ನೆಲದಲ್ಲಿ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಆತ ನಿಂತು ನೋಡಿ ಬರೆದಿಟ್ಟನು. ಕರಾವಳಿಗೆ ಮರಳಿದ ಮೇಲೆ ಉಳ್ಳಾಲದ ರಾಣಿಯನ್ನು, ಆಕೆ ಕಾಲುವೆ ತೋಡುವ ಕೆಲಸವನ್ನು ನೋಡಲೆಂದು ಬರಿಗಾಲಲ್ಲಿ ನಡೆದುಹೋಗುತ್ತಿದ್ದಾಗ, ದಾರಿಯಲ್ಲೇ ಭೇಟಿಯಾದನು. ರೆಸೆಂಡೆಯ ಮಂಗಳೂರಿನ ಹಾಳೆಗೆ ಆ ಕಾಲುವೆಯೂ ಆ ರಾಣಿಯೂ ಬರುವುದಿಲ್ಲ. ಹೀಗಾದದ್ದು ರೆಸೆಂಡೆಗೆ ಕಣ್ಣಿಲ್ಲವೆಂದಲ್ಲ. ಆತನಿಗೆ ಒಪ್ಪಿಸಿದ ಕೆಲಸದಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಒಂದೇ ಕಾಲದ ಇಬ್ಬರು ಯುರೋಪಿಯನ್ನರಲ್ಲಿ ಕುತೂಹಲದಿಂದ ನಡೆದವನಿಗೆ ನಾಡು ಕಂಡಿತು, ಅಧಿಕಾರದ ಪರವಾಗಿ ಎಣಿಸಿದವನಿಗೆ ಗೋಡೆ ಕಂಡಿತು.

ಮಂಗಳೂರಿನ ಕೋಟೆಯ ಸ್ಥಿತಿ ಇನ್ನೂ ನಾಜೂಕಾಗಿತ್ತು. ನೇತ್ರಾವತಿಯ ಆಚೆ ದಡದಲ್ಲಿ ಉಳ್ಳಾಲ, ಈಚೆ ಬಂಗ ಅರಸರ ನೆಲ, ಹಿಂದೆ ಘಟ್ಟದ ಮೇಲಿನ ಕೆಳದಿಯ ಬಲ. ಉಳ್ಳಾಲದ ರಾಣಿಗೂ ಬಂಗ ಅರಸನಿಗೂ ನಡೆದ ದೀರ್ಘ ಕಲಹದಲ್ಲಿ ಪೋರ್ಚುಗೀಸರು ಬಂಗನ ಪರವಾಗಿಯೂ ವೆಂಕಟಪ್ಪ ನಾಯಕ ರಾಣಿಯ ಪರವಾಗಿಯೂ ನಿಂತರು. ಕೋಟೆಯ ಬುರುಜುಗಳು ಸಮುದ್ರದಿಂದ ಬರಬಹುದಾದ ಡಚ್ಚರಿಗಾಗಿ ಸಿದ್ಧವಾಗಿದ್ದರೂ ಅದರ ಅಳಿವು ಉಳಿವು ತೀರ್ಮಾನವಾಗುತ್ತಿದ್ದುದು ಬೆನ್ನ ಹಿಂದಿನ ಈ ರಾಜಕೀಯದಲ್ಲಿ. ನೀರಿನ ಕಡೆಗೆ ಮುಖ ಮಾಡಿ ಬರೆದ ಚಿತ್ರ ಈ ಸತ್ಯವನ್ನು ಹೇಳಲಾರದು. ಹೇಳಿದ್ದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಡೆದದ್ದು ಮ್ಯಾಡ್ರಿಡ್‌ಗೂ ಲಿಸ್ಬನ್‌ಗೂ ಅನಿರೀಕ್ಷಿತವಾಗುತ್ತಿರಲಿಲ್ಲ.

1645ರಲ್ಲಿ ಕೆಳದಿಯ ಪಟ್ಟವೇರಿದ ಶಿವಪ್ಪ ನಾಯಕ 1652ರಿಂದ 1654ರ ನಡುವೆ ಈ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. ಸಮುದ್ರದಲ್ಲಿ ಡಚ್ಚರೊಂದಿಗೆ ಸೆಣಸಿ ದಣಿದಿದ್ದ ಗೋವಾಕ್ಕೆ ಅವುಗಳನ್ನು ಉಳಿಸಿಕೊಳ್ಳುವ ಶಕ್ತಿಯಿರಲಿಲ್ಲ. 1670ರ ದಶಕದ ಒಪ್ಪಂದಗಳ ಮೂಲಕ ಕೋಠಿ, ಅಂದರೆ ವ್ಯಾಪಾರದ ಉಗ್ರಾಣ, ಇಟ್ಟುಕೊಳ್ಳಲು ಅವರಿಗೆ ಅನುಮತಿ ದೊರೆಯಿತೇ ಹೊರತು ಹಳೆಯ ದರ್ಪ ಮರಳಲಿಲ್ಲ. ಬಸರೂರು ಮಾತ್ರ ಕೋಟೆಯ ಪತನದಿಂದ ಬಡವಾಗಲಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದೋಚಿದ್ದು ಈ ಊರನ್ನೇ. ಪೋರ್ಚುಗೀಸರು ಹೋಗಿ ಹತ್ತು ವರ್ಷಗಳಾದ ಮೇಲೂ ಅಷ್ಟು ದೂರದಿಂದ ಬಂದು ದೋಚುವಷ್ಟು ಸಂಪತ್ತು ಅಲ್ಲಿತ್ತೆಂದರೆ, ಪೇಟೆಯನ್ನು ಬೆಳೆಸಿದ್ದು ಕೋಟೆಯಲ್ಲ, ಕೋಟೆಯನ್ನು ಸೆಳೆದು ತಂದದ್ದೇ ಪೇಟೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಇತ್ತ ಚಿತ್ರಗಳು ತಾವು ತೋರಿಸಿದ ಕಟ್ಟಡಗಳಿಗಿಂತ ದೀರ್ಘಾಯುವಾದವು. ರೆಸೆಂಡೆ 1646ರಲ್ಲಿ ಸಿದ್ಧಪಡಿಸಿದ ಇನ್ನೊಂದು ಸಂಪುಟ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೋಟೆಗಳ ಮೇಲೆ ಕೆಳದಿಯ ಬಾವುಟ ಏರಿದ ನಂತರವೂ ಕಾಗದದಲ್ಲಿ ಅವು ಪೋರ್ಚುಗಲ್‌ನವಾಗಿಯೇ ಉಳಿದುಕೊಂಡವು.

ಈ ಇತಿಹಾಸ ಘಟ್ಟದ ಕೆಳಗೇ ಮುಗಿಯುವಂಥದಲ್ಲ. ರೆಸೆಂಡೆ ಕರಾವಳಿಯನ್ನು ಚಿತ್ರಿಸುತ್ತಿದ್ದ ವರ್ಷಗಳಲ್ಲಿ ಘಟ್ಟದ ಮೇಲೆ, ಇಂದಿನ ಹುಣಸೂರು ಮತ್ತು ಪಿರಿಯಾಪಟ್ಟಣದ ಸೀಮೆಯಲ್ಲಿ, ಚಂಗಾಳ್ವರ ಕೊನೆಯ ಅರಸರು ಆಳುತ್ತಿದ್ದರು. ಪಿರಿಯರಾಜನ ಹೆಸರು ಹೊತ್ತ ಪಿರಿಯಾಪಟ್ಟಣದ ಕೋಟೆ ಕೊಡಗಿನ ಕಡೆಯಿಂದ ಬರುವ ದಾರಿಯನ್ನು ಕಾಯುತ್ತಿತ್ತು. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಅದನ್ನು ಗೆದ್ದುಕೊಂಡು, ಚಂಗಾಳ್ವರ ಆಳ್ವಿಕೆಗೆ ಅಲ್ಲಿ ತೆರೆ ಎಳೆಯಿತು. ಲಕ್ಷ್ಮಣತೀರ್ಥ ನದಿಯ ನೀರಿಗೆ ಹನಗೋಡಿನಲ್ಲಿ ಕಟ್ಟಿದ ಅಣೆ, ಹೆಸರಿನಲ್ಲೇ ಕೆರೆಯನ್ನು ಹೊತ್ತ ಗಾವಡಗೆರೆ, ಹೆಗ್ಗಡದೇವನ ಹೆಸರಿನ ಕೋಟೆ, ಇವೆಲ್ಲ ನೀರು, ಬೆಳೆ ಮತ್ತು ಕಾವಲು ಮೂರನ್ನೂ ಒಟ್ಟಿಗೆ ಯೋಚಿಸಿದ ನಾಡೊಂದರ ಕುರುಹುಗಳು. ಹೊನ್ನಾವರದ ಕೋಟೆ ಯುರೋಪಿನ ಗ್ರಂಥಾಲಯಗಳಲ್ಲಿ ಬಣ್ಣದಲ್ಲಿ ಉಳಿದಾಗ ಅದೇ ಶತಮಾನದ ಪಿರಿಯಾಪಟ್ಟಣ ಶಾಸನ, ಬಖೈರು ಮತ್ತು ಜನರ ನೆನಪುಗಳಲ್ಲಿ ಉಳಿಯಿತು. ಚಿತ್ರವಿದ್ದ ಊರಿಗೆ ಇತಿಹಾಸವುಂಟು, ಚಿತ್ರವಿಲ್ಲದ ಊರಿಗೆ ಇಲ್ಲ ಎಂದು ಭಾವಿಸುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ.

ಸಮುದ್ರದ ಅಧಿಕಾರ ಈ ಒಳನಾಡನ್ನು ತಲುಪಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. 1791ರಲ್ಲಿ ಇಂಗ್ಲಿಷರ ಜನರಲ್ ಅಬರ್‌ಕ್ರೊಂಬಿಯ ಬೊಂಬಾಯಿ ಸೇನೆ ಟಿಪ್ಪುವಿನ ವಿರುದ್ಧ ಮಲಬಾರ್ ತೀರದಿಂದ ಹೊರಟು, ಕೊಡಗಿನ ವೀರರಾಜೇಂದ್ರನ ನೆರವಿನಿಂದ ಘಟ್ಟ ಹತ್ತಿ ಪಿರಿಯಾಪಟ್ಟಣದವರೆಗೆ ಬಂದು, ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದೆಗೆದಾಗ ತಾನೂ ಹಿಂದಿರುಗಿತು; 1799ರ ಮಾರ್ಚ್ 6ರಂದು ಇದೇ ದಾರಿಯಲ್ಲಿ, ಪಿರಿಯಾಪಟ್ಟಣಕ್ಕೆ ಹತ್ತಿರದ ಸಿದ್ದೇಶ್ವರದಲ್ಲಿ, ಟಿಪ್ಪುವಿನ ಸೈನ್ಯ ಬೊಂಬಾಯಿ ಸೇನೆಯ ಮುಂದಾಳು ತುಕಡಿಯ ಮೇಲೆರಗಿತು. ಆ ಯುದ್ಧಗಳ ಜೊತೆಗೆ ಚಿತ್ರಕಾರರೂ ಮೈಸೂರಿಗೆ ಬಂದರು. ರಾಬರ್ಟ್ ಹೋಮ್, ಅಲೆಕ್ಸಾಂಡರ್ ಅಲನ್, ಕೋಲ್‌ಬ್ರೂಕ್ ಇವರ ಮೈಸೂರು ದೃಶ್ಯಗಳ ಸಂಪುಟಗಳು ಲಂಡನ್ನಿನಲ್ಲಿ 1794ರ ಸುಮಾರಿಗೆ ಪ್ರಕಟವಾದವು. ಅವರ ಕಣ್ಣು ಹೋದದ್ದು ಮುಖ್ಯವಾಗಿ ಬೆಂಗಳೂರು, ಸಾವನದುರ್ಗ, ನಂದಿದುರ್ಗ, ಶ್ರೀರಂಗಪಟ್ಟಣಗಳತ್ತ, ಅಂದರೆ ತಮ್ಮ ಸೇನೆ ಮುತ್ತಿದ, ಗೆದ್ದ ಜಾಗಗಳತ್ತ. ನೂರೈವತ್ತು ವರ್ಷಗಳಲ್ಲಿ ಚಿತ್ರದ ಶೈಲಿ ಪೂರ್ತಿ ಬದಲಾಗಿತ್ತು. ಗೋಡೆಯ ಲೆಕ್ಕದ ಬದಲು ಬೆಟ್ಟ, ಮೋಡ, ಮುರಿದ ಕಮಾನುಗಳ ಸೊಗಸು ಬಂದಿತ್ತು. ಆದರೆ ಯಾವುದನ್ನು ಚಿತ್ರಿಸಬೇಕೆಂಬ ಆಯ್ಕೆಯನ್ನು ಮೊದಲಿನಂತೆ ಅಧಿಕಾರವೇ ಮಾಡುತ್ತಿತ್ತು. ಒಳನಾಡಿನ ಊರು, ಕೆರೆ, ಅಣೆಕಟ್ಟೆಗಳು ಕ್ರಮವಾಗಿ ದಾಖಲೆಗೆ ಬಂದದ್ದು ಬುಕಾನನ್ನನ ಪ್ರವಾಸದಲ್ಲಿ ಮತ್ತು ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ, ಅದೂ ಗೆದ್ದ ನಾಡಿನ ಸಂಪತ್ತನ್ನು ಅರಿಯುವ ಉದ್ದೇಶದಿಂದ.

ಕರಾವಳಿಯ ಕೋಟೆಗಳಿಗೂ ಹದಿನೆಂಟನೆಯ ಶತಮಾನವೇ ಕೊನೆಯ ಪೆಟ್ಟು ಕೊಟ್ಟಿತು. 1763ರಲ್ಲಿ ಹೈದರಾಲಿ ಕೆಳದಿಯ ರಾಜ್ಯವನ್ನು ಗೆದ್ದ ಮೇಲೆ ಮಂಗಳೂರು ಮತ್ತು ಹೊನ್ನಾವರಗಳು ಅವನ ನೌಕಾಬಲದ ನೆಲೆಗಳಾದವು. 1783ರಲ್ಲಿ ಇಂಗ್ಲಿಷರ ಕೈಸೇರಿದ ಮಂಗಳೂರು ಕೋಟೆಯನ್ನು ಟಿಪ್ಪು ತಿಂಗಳುಗಟ್ಟಲೆ ಮುತ್ತಿ, 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ನಂತರ ಅದನ್ನು ಕೆಡವಿಸಿದನು. ಹೀಗೆ ಪೋರ್ಚುಗೀಸ್, ಕೆಳದಿ, ಮೈಸೂರು, ಇಂಗ್ಲಿಷ್ ಎಂಬ ನಾಲ್ಕು ಆಳ್ವಿಕೆಗಳು ಕಟ್ಟಿ, ತಿದ್ದಿ, ಕೆಡವಿದ ಗೋಡೆಗಳ ಜಂಬಿಟ್ಟಿಗೆ ಕಲ್ಲುಗಳು ಚದುರಿಹೋದವು; ಒಮ್ಮೆ ಕಡಿದ ಜಂಬಿಟ್ಟಿಗೆ ಯಾವ ಗೋಡೆಗೂ ಒದಗಿಬರುವುದರಿಂದ ಹಾಳುಬಿದ್ದ ಕೋಟೆ ಹೊಸ ಮನೆಗಳಿಗೆ ಕಲ್ಲಿನ ಗಣಿಯಾಗುವುದು ಸಹಜ. ಮಂಗಳೂರಿನ ರೊಸಾರಿಯೊ ಕೆಥೆಡ್ರಲ್ ತನ್ನ ಮೂಲವನ್ನು 1568ಕ್ಕೆ ಒಯ್ಯುತ್ತದೆ. ಗಂಗೊಳ್ಳಿಯ ಇಗರ್ಜಿಯ ಪರಂಪರೆ ಅಲ್ಲಿನ ಕೋಟೆಯ ಕಾಲದಿಂದಲೇ ಬಂದದ್ದು. ಗೋಡೆ ಹೋಗಿ ಜನಸಮುದಾಯ ಉಳಿದ ಈ ಎರಡು ಉದಾಹರಣೆಗಳು, ಬೊಕಾರೊ ಎರಡನೆಯ ಪಂಕ್ತಿಯಲ್ಲಿ ಎಣಿಸಿದ ಸ್ಥಳೀಯರೇ ಆ ಪರಂಪರೆಯ ನಿಜವಾದ ವಾರಸುದಾರರು ಎಂಬುದನ್ನು ತೋರಿಸುತ್ತವೆ.

ರೆಸೆಂಡೆಯ ಚಿತ್ರಗಳ ಬೆಲೆಯನ್ನು ಈ ಹಿನ್ನೆಲೆಯಲ್ಲಿ ನಿಷ್ಕರ್ಷಿಸಬೇಕು. ಕಟ್ಟಡಗಳು ಇಲ್ಲದಿರುವಾಗ ಅವುಗಳ ರೂಪಕ್ಕೆ ಸಾಕ್ಷಿ ನುಡಿಯುವ ಹಾಳೆಗಳನ್ನು ಪರಕೀಯರ ದಾಖಲೆಯೆಂದು ದೂರವಿಡುವುದು ನಷ್ಟ. ಅವು ತೋರಿಸಿದ್ದೇ ಪೂರ್ಣ ಸತ್ಯವೆಂದು ಒಪ್ಪುವುದು ಇನ್ನೂ ದೊಡ್ಡ ನಷ್ಟ. ಶಾಸನ, ಕೈಫಿಯತ್ತು, ಪ್ರವಾಸಿಗಳ ಪತ್ರ ಮತ್ತು ನೆಲದ ಮೇಲಿನ ಅವಶೇಷಗಳ ನಡುವೆ ಅವುಗಳನ್ನು ಇಟ್ಟು ಓದಿದಾಗ ಗೋಡೆಯ ಹೊರಗಿನ ಖಾಲಿ ಜಾಗದಲ್ಲಿ ಬಸರೂರಿನ ವರ್ತಕ, ಗೇರುಸೊಪ್ಪೆಯ ಮೆಣಸಿನ ಬೆಳೆಗಾರ, ಉಳ್ಳಾಲದ ಕಾಲುವೆ, ಜಗಲಿಯ ಮರಳಿನಲ್ಲಿ ಲೆಕ್ಕ ಬರೆದ ಹುಡುಗರು ತಮ್ಮ ತಮ್ಮ ಸ್ಥಾನವನ್ನು ಪಡೆದುಕೊಳ್ಳುತ್ತಾರೆ. ಕನ್ನಡದಲ್ಲಿ ಇನ್ನೂ ಆಗಬೇಕಾದ ಕೆಲಸ ಎರಡು. ಒಂದು, ಈ ನಾಲ್ಕು ಚಿತ್ರಗಳೂ ಅವುಗಳ ವಿವರಣೆಯೂ ಕನ್ನಡದ ಓದುಗರಿಗೆ ಒಂದೇ ಕಡೆ ಸುಲಭವಾಗಿ ದೊರೆಯುವಂತಾಗಬೇಕು, ಹೊನ್ನಾವರ ಮತ್ತು ಬಸರೂರಿನಲ್ಲಿ ಉಳಿದಿರಬಹುದಾದ ಗೋಡೆಯ ಸಾಲುಗಳನ್ನು ಅವುಗಳೊಂದಿಗೆ ಹೋಲಿಸಿ ಅಳೆಯಬೇಕು. ಇನ್ನೊಂದು, ಯಾವ ಕಾರ್ಯದರ್ಶಿಯೂ ಅರಸನಿಗಾಗಿ ಚಿತ್ರಿಸದ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಗಾವಡಗೆರೆಗಳಂಥ ಊರುಗಳ ಕೋಟೆಕೊತ್ತಲ, ಗುಡಿ, ಮಠ, ಕೆರೆಯ ಏರಿ, ತೂಬುಗಳನ್ನು ಅಲ್ಲಿನ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳೂ ಊರಿನ ಹಿರಿಯರೂ ಸೇರಿ ಇಂದೇ ಅಳೆದು, ಬರೆದು, ಹೆಸರು ಸಹಿತ ದಾಖಲಿಸಬೇಕು. ನಾನೂರು ವರ್ಷಗಳ ಹಿಂದೆ ಕಾಗದಕ್ಕೆ ಇಳಿದ ಕೋಟೆಗಳು ಬಿದ್ದ ಮೇಲೂ ಉಳಿದವು. ಇಳಿಯದಿದ್ದವುಗಳ ರೂಪ ಅವು ಬಿದ್ದ ದಿನವೇ ಅಳಿಯಿತು.